ಬಿಸಿಲಿಗೆ ಹಾಕಿದ ಕಾರಭಾರಿ

ಇಳಕಲ್ಲಿನ ನಮ್ಮ ಮನೆಯಲ್ಲಿ ನಾವು ಐದು ಜನ: ಆಯಿ, ಅಪ್ಪ, ಅವ್ವ, ನಾನು ಮತ್ತು ಕಾರಭಾರಿ. ಆಯಿ ಅಂದರೆ ಅಪ್ಪನ ತಾಯಿ. ಪಡಸಾಲೆಯ ಎಡಕ್ಕೆ ಆಕೆಯ ಕುಣಿಮಗ್ಗ, ಬಲಕ್ಕೆ ಕಾಲು ಕುಂಟುವ ಒಂದು ಮೇಜು, ಮೇಜಿನ ಮೇಲೆ ಸಾಲಿಮಕ್ಕಳ ಪಾಟಿಯಷ್ಟಗಲದ ಹಸಿರು ಹಲಗೆ. ಹಲಗೆಯ ತುಂಬ ಗುಂಡಿಗಳು, ಮೇಲೆ ಕೆಂಪಗೆ ಹೊಳೆಯುವ ಆರು ಅಂಕಿಗಳ ದೀಪ. ಅದು ಕಂಪ್ಯೂಟರು. ಪರದೆಯಿಲ್ಲ, ಪೆಟ್ಟಿಗೆಯಿಲ್ಲ, ಮೈಮೇಲೆ ಬಟ್ಟೆಯೂ ಇಲ್ಲದ ಕಂಪ್ಯೂಟರು. ಅದರೊಳಗೆ ಒಂದು ಕಪ್ಪು ಚಿಪ್ಪು, ಆ ಚಿಪ್ಪಿನೊಳಗೆ ನಮ್ಮ ಕಾರಭಾರಿ. ದೊಡ್ಡ ಮನೆತನಗಳಲ್ಲಿ ಯಜಮಾನ ಏಳುವ ಮುಂಚೆ ಎದ್ದು ಬಾಗಿಲು ತೆರೆದು, ಆಳುಗಳಿಗೆ ಕೆಲಸ ಹಚ್ಚಿ, ಬಂದವರನ್ನು ಮಾತಾಡಿಸುವ ಕಾರಭಾರಿ ಇರುತ್ತಾನಲ್ಲ, ಯಂತ್ರದೊಳಗೆ ಅದೇ ಕೆಲಸ ಮಾಡುವ ಬರಹ ಅದು. ಗುಂಡಿ ಒತ್ತಿದರೆ ತಿಳಿದುಕೊಳ್ಳುವುದು, ದೀಪದಲ್ಲಿ ಉತ್ತರ ತೋರಿಸುವುದು, ಕ್ಯಾಸೆಟ್ಟಿನಲ್ಲಿ ಕೂಡಿಟ್ಟ ಕೆಲಸವನ್ನು ತಂದು ಮುಂದಿಡುವುದು ಎಲ್ಲ ಅದರ ಜವಾಬ್ದಾರಿ. ಇಂಥದಕ್ಕೆ ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರೆಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಜಗತ್ತಿನ ಮೂಲೆಮೂಲೆಯ ಮಂದಿ ಸೇರಿ ಒಂದನ್ನು ಬರೆಯುತ್ತಾರೆ, ಬೇಕಾದವರು ಒಯ್ಯಬಹುದು, ತಿದ್ದಬಹುದು, ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಕೊಡಬೇಕು ಅಂತ ಯಾರೋ ದೊಡ್ಡ ಸುದ್ದಿಯ ಹಾಗೆ ಹೇಳಿದಾಗ ನನಗೆ ನಗು ಬಂತು. ಸೊಕ್ಕು ಅನ್ನಿರಿ, ಏನು ಬೇಕಾದರೂ ಅನ್ನಿರಿ. ನಾನು ಅಂಥ ಮನೆಯಲ್ಲೇ ಹಲ್ಲು ಬಿದ್ದು ಹಲ್ಲು ಬಂದವಳು.

ಅಪ್ಪ ಬಾಗಲಕೋಟೆಯ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಮೆಕ್ಯಾನಿಕ್. ಸೋಮವಾರ ಬೆಳಗಿನ ಬಸ್ಸಿಗೆ ಹೋದರೆ ಶನಿವಾರ ಮಧ್ಯಾಹ್ನವೇ ಮನೆಗೆ ಬರುವುದು. ಡಿಗ್ರಿಯಿಲ್ಲ, ಕೈ ಮಾತ್ರ ಬಂಗಾರದಂಥದು. ಕಾಲೇಜಿಗೆ ತರಿಸಿದ್ದ ಆರು ಹಸಿರು ಹಲಗೆಗಳು ಒಂದು ಮಳೆಗಾಲದ ಸಿಡಿಲಿಗೆ ಒಟ್ಟಿಗೆ ಕಣ್ಣು ಮುಚ್ಚಿದವು. ಹಲಗೆಗಳನ್ನು ಅಪ್ಪ ರಿಪೇರಿ ಮಾಡಿದ, ಆದರೆ ಚಿಪ್ಪಿನೊಳಗಿನ ಬರಹ ಸುಟ್ಟುಹೋಗಿತ್ತು. ಬರಹದ ಒಂದು ಪ್ರತಿ ಕೊಡಿರೆಂದು ಮಾರಿದ ಕಂಪನಿಗೆ ಕಾಗದ ಹೋಯಿತು. ಅದು ನಮ್ಮ ಗುಟ್ಟು, ಕೊಡಲಾಗದು, ಹೊಸ ಯಂತ್ರಗಳನ್ನು ತೆಗೆದುಕೊಳ್ಳಿರಿ ಅಂತ ಉತ್ತರ ಬಂತು. ಆ ಕಾಗದ ಓದಿ ಅಪ್ಪನಿಗೆ ಬಂದ ಸಿಟ್ಟು ಮೂರು ವರ್ಷ ಇಳಿಯಲಿಲ್ಲ. ಒಂದು ಹಲಗೆಯನ್ನು ಸಾಹೇಬರ ಒಪ್ಪಿಗೆ ಪಡೆದು ಮನೆಗೆ ತಂದ, ತಾನೇ ಬರಹ ಬರೆಯಲು ಕೂತ. ಅದನ್ನು ಬರೆದಿಟ್ಟ ನೋಟುಬುಕ್ಕಿಗೆ ನಮ್ಮ ಮನೆಯಲ್ಲಿ ವಹಿ ಅನ್ನುತ್ತೇವೆ. ಪ್ರತಿ ಭಾನುವಾರ ನಾನು ವಹಿ ಹಿಡಿದು ಓದಬೇಕು, ಅಪ್ಪ ಗುಂಡಿ ಒತ್ತಬೇಕು. ಅಂಕಿಗಳ ಜೊತೆ ಎ ಯಿಂದ ಎಫ್ ವರೆಗಿನ ಅಕ್ಷರಗಳೂ ಬರುತ್ತಿದ್ದವು: ಮೂರು ಇ, ಸೊನ್ನೆ ಸೊನ್ನೆ, ಡಿ ಮೂರು. ಬರಹವನ್ನು ಚಿಪ್ಪಿನಲ್ಲಿ ಕೂರಿಸುವ ಮೊದಲಿನ ಇಡೀ ಒಂದು ವರ್ಷ, ಕರೆಂಟು ಹೋದಾಗಲೆಲ್ಲ ಯಂತ್ರ ಎಲ್ಲವನ್ನೂ ಮರೆತು ಕೂಡುತ್ತಿತ್ತು. ಇಳಕಲ್ಲಿನ ಕರೆಂಟಿನ ಬಗ್ಗೆ ನಾನೇನು ಹೇಳಲಿ! ಒಂದೇ ಭಾನುವಾರ ಮೊದಲನೆಯ ಪುಟವನ್ನು ಐದು ಸಲ ಓದಿದ್ದುಂಟು. ಒಲೆಯ ಮುಂದೆ ಅವ್ವ ಪಟಪಟ ರೊಟ್ಟಿ ಬಡಿಯುತ್ತಿದ್ದಳು, ಇತ್ತ ನನ್ನ ಗಂಟಲು ಒಣಗುತ್ತಿತ್ತು.

ಮನೆಯಲ್ಲಿ ಜಗಳವೆಂದರೆ ಒಂದೇ ಜಗಳ. ಅಪ್ಪ ಆ ವಹಿಯನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದ. ಬಾದಾಮಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಇಮಾಮಸಾಬ ಕಾಕಾ ಬಿಡಿಭಾಗ ಜೋಡಿಸಿ ತಾನೇ ಒಂದು ಯಂತ್ರ ಮಾಡಿಕೊಂಡಿದ್ದ, ಹುನಗುಂದದ ಶಿವಪ್ಪ ಮಾಸ್ತರರಿಗೂ ಒಂದು ಮಾಡಿಕೊಟ್ಟಿದ್ದ. ಇಬ್ಬರೂ ವಹಿ ಒಯ್ದು ಕೈಯಲ್ಲಿ ನಕಲು ಮಾಡಿಕೊಂಡರು. ಆಮೇಲೆ ಕಾಲೇಜಿನ ಮಲ್ಲೇಶಿ ಅನ್ನುವ ವಿದ್ಯಾರ್ಥಿ ಒಯ್ದ. ಅವನು ನಕಲು ಮುಗಿಸಿ, ಶಿವಯೋಗ ಮಂದಿರಕ್ಕೆ ಹೋದಾಗ ಚೀಲ ಸಮೇತ ವಹಿಯನ್ನು ಮಲಪ್ರಭೆಯ ಪಾಲು ಮಾಡಿ, ಮಸಿಯೆಲ್ಲ ಹರಡಿದ ಹಾಳೆಗಳ ಮುದ್ದೆ ತಂದು ಅಪ್ಪನ ಕೈಯಲ್ಲಿಟ್ಟು ಅತ್ತ. ಅಪ್ಪ ಅವನ ಬೆನ್ನು ಸವರಿ, ಇರಲಿ ಬಿಡೋ, ಚಿಪ್ಪಿನ್ಯಾಗ ಐತಲ್ಲ ಅಂತ ಚಹಾ ಕುಡಿಸಿ ಕಳಿಸಿದ. ಅವ್ವ ಅವತ್ತು ಸುಮ್ಮನಿರಲಿಲ್ಲ. ಆಕೆಯ ತವರು ಅಮೀನಗಡ, ಕರದಂಟು ಮಾಡುವ ಮನೆತನ.

“ನಮ್ಮ ತವರಮನ್ಯಾಗ ಪಾಕದ ಹದಾ ಹೊಟ್ಟಿಲೆ ಹುಟ್ಟಿದ ಮಗಳಿಗಿ ಸೈತ ಹೇಳಂಗಿಲ್ಲ, ಮದವ್ಯಾಗಿ ಬ್ಯಾರೆ ಮನಿಗಿ ಒಯ್ತಾಳ ಅಂತ. ಸೊಸಿಗಷ್ಟ ಹೇಳ್ತಾರ. ನೀವು ನೋಡಿದ್ರ ಹಾದಿಲೆ ಹೋಗೂ ಮಂದೀನ್ನ ಕರದ ಕರದ ಕೊಡ್ತೀರಿ!”

“ಗುಟ್ಟ ಇಟ್ಟವ್ರ ದೆಸಿಂದ ಆರ ಯಂತ್ರ ಸತ್ತ ಬಿದ್ದಿದ್ದೂ,” ಅಂದ ಅಪ್ಪ. “ನಾನೂ ಅದನ್ನ ಮಾಡ್ಲ್ಯಾ?”

“ನಿಮ್ಮ ಮೂರ ವರ್ಸದ ದುಡಿತ ಹೊಳಿಗಿ ಹೋತಲ್ರಿ, ಕಣ್ಣೀರರ ಬರಬಾರ್ದ ನಿಮಗ?”

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಆಯಿ ಲಾಳಿ ನಿಲ್ಲಿಸದೆ ಅಂದಳು:

“ಏ ನೀಲವ್ವಾ, ನನ್ನ ಸೀರಿ ದಡಿ ನೋಡಾಕ ಓಣಿ ಹೆಣಮಕ್ಕಳು ದಿನಾ ಬರ್ತಾರಿಲ್ಲೋ? ನೋಡಿದ್ರ ಸೀರಿ ಸವೀತೈತೇನ?”

ಅವ್ವನಿಗೆ ಆ ಮಾತು ಹಿಡಿಸಲಿಲ್ಲ. ಆಕೆಯ ಸಿಟ್ಟಿನ ಬೇರು ಎಲ್ಲಿತ್ತೆಂದು ಆಗ ನನಗೆ ತಿಳಿಯಲಿಲ್ಲ. ತನ್ನ ಅಪ್ಪನ ಮನೆಯ ಒಲೆಯ ಮುಂದೆ ಹದಿನಾರು ವರ್ಷ ಬೆಲ್ಲ ಕುಟ್ಟಿ, ಖೊಬ್ಬರಿ ತುರಿದು ಕೊಟ್ಟರೂ, ಪಾಕ ಇಳಿಸುವ ಹೊತ್ತಿಗೆ ಆಕೆಯನ್ನು ಹೊರಗೆ ಕಳಿಸುತ್ತಿದ್ದರಂತೆ. ಹಾಗೆ ಹೊರಗೆ ಕಳಿಸಿಕೊಂಡವಳೇ ಗುಟ್ಟಿನ ಪರ ವಾದ ಮಾಡುತ್ತಿದ್ದಳು.

ಆ ವರ್ಷದ ನವರಾತ್ರಿಗೆ ಅಪ್ಪ ಇರಲಿಲ್ಲ. ಕಾಲೇಜಿನವರು ಅವನನ್ನು ಧಾರವಾಡಕ್ಕೆ ತರಬೇತಿಗೆ ಕಳಿಸಿದ್ದರು, ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಹೊತ್ತಿಗೆ ಬರುವವನಿದ್ದ. ನಮ್ಮ ಮನೆಯ ಪದ್ಧತಿ ಹೀಗೆ: ನವರಾತ್ರಿ ಶುರುವಾಗುವ ಮುಂಚಿನ ದಿನ ಮನೆಯ ಹತಾರಗಳನ್ನೆಲ್ಲ ತೊಳೆಯಬೇಕು, ತುಕ್ಕು ಹಿಡಿಯದ ಹಾಗೆ ದಿನಾ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಬೇಕು, ಖಂಡೇ ಪೂಜೆಯ ದಿನ ವಿಭೂತಿ ಹಚ್ಚಿ ಸಾಲಾಗಿ ಇಡಬೇಕು. ಆಯಿಯ ಲಾಳಿ, ಅವ್ವನ ಈಳಿಗೆ, ಅಪ್ಪನ ಇಕ್ಕಳ, ಸ್ಕ್ರೂಡ್ರೈವರು ಎಲ್ಲ ತೊಳೆದದ್ದಾಯಿತು. ಆಯಿ ಮೇಜಿನ ಕಡೆ ಕೈ ಮಾಡಿ, ಕಾರಭಾರಿನೂ ಹತಾರನ ಅಲ್ಲೇನ, ಅದನ್ಯಾಕ ಬಿಟ್ಟಿ ಅಂದಳು. ನನಗೆ ಆಗ ಹನ್ನೊಂದು ವರ್ಷ, ಅಪ್ಪನ ಬಲಗೈ ನಾನೇ ಎಂಬ ಜಂಬ ಬೇರೆ. ನೀರು ತಾಗಿಸಬಾರದೆಂದು ನನಗೆ ಗೊತ್ತಿತ್ತು. ಅಪ್ಪ ಮಾಡುವ ಹಾಗೆ ಚಿಪ್ಪನ್ನು ಹಲಗೆಯಿಂದ ಮೆಲ್ಲಗೆ ಎಬ್ಬಿಸಿ, ಒಣ ಬಟ್ಟೆಯಿಂದ ಒರೆಸಿದೆ. ಬೆನ್ನಿನ ಮೇಲೆ ಒಂದು ಕಪ್ಪು ಚೀಟಿ ಅಂಟಿಸಿತ್ತು, ಜಿಡ್ಡು ಹತ್ತಿ ಹೊಲಸಾಗಿತ್ತು. ಅದನ್ನು ಸುಲಿದೆ. ಒಳಗೆ ಒಂದು ದುಂಡನೆಯ ಗಾಜಿನ ಕಿಟಕಿ! ಕಿಟಕಿಯೊಳಗೆ ಬೆಳ್ಳಿಯ ಚುಕ್ಕೆ, ಕೂದಲಿಗಿಂತ ತೆಳ್ಳಗಿನ ಬಂಗಾರದ ಎಳೆಗಳು. ಇಷ್ಟು ಚೆಂದದ್ದನ್ನು ಮುಚ್ಚಿಡುವುದುಂಟೆ? ಒಂಬತ್ತು ದಿನ, ಒಂದು ದಿನವೂ ತಪ್ಪದೆ, ಆ ಚಿಪ್ಪನ್ನು ಲಾಳಿಯ ಪಕ್ಕ ಮಾಳಿಗೆಯ ಮೇಲೆ ಕಿಟಕಿ ಮೇಲಾಗಿ ಇಟ್ಟೆ. ಬಿಸಿಲು ಸರಿದ ಹಾಗೆ ನಾನೂ ಅದನ್ನು ಸರಿಸುತ್ತಿದ್ದೆ. ಅಪ್ಪ ಬರುವ ದಿನ ಮಾತ್ರ, ಚೀಟಿ ಕಿತ್ತದ್ದಕ್ಕೆ ಬೈದಾನು ಅಂತ ಹೆದರಿ, ಮಗ್ಗದ ಗಂಜಿ ಸವರಿ ಹಳೆಯ ಚೀಟಿಯನ್ನೇ ಒಪ್ಪವಾಗಿ ಅಂಟಿಸಿಬಿಟ್ಟೆ.

ಪೂಜೆ ಮುಗಿದ ಮರುದಿನ ಅಪ್ಪ ಚಿಪ್ಪನ್ನು ಕೂರಿಸಿ ಕರೆಂಟು ಹಾಕಿದ. ದೀಪ ಹತ್ತಲಿಲ್ಲ. ತೆಗೆದು ಕೂರಿಸಿದ, ತಂತಿ ನೋಡಿದ, ಬೇರೆ ಕಡೆಯಿಂದ ಕರೆಂಟು ಕೊಟ್ಟ. ಸೋಮವಾರ ಚಿಪ್ಪನ್ನು ಕಾಲೇಜಿಗೆ ಒಯ್ದು ಅಲ್ಲಿನ ಯಂತ್ರದಲ್ಲಿ ಓದಿ ನೋಡಿದ. ಶನಿವಾರ ಬಂದು ಊಟಕ್ಕೆ ಕೂತವನು ತಾಟನ್ನು ಅತ್ತ ಸರಿಸಿದ.

“ಎಲ್ಲಾ ಎಫ್ ಎಫ್,” ಅಂದ. “ಒಂದ ಅಕ್ಷರ ಉಳದಿಲ್ಲ. ಹುಟ್ಟಿದಾಗ ಹ್ಯಾಂಗಿತ್ತೋ ಹಂಗಾಗೇತಿ.”

ಅಪ್ಪನ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿತ್ತು. ಕಾಲೇಜಿನ ಉಗ್ರಾಣದಲ್ಲಿ ಬಿದ್ದ ಐದು ಹಲಗೆಗಳನ್ನು ಗುಜರಿಗೆ ಹಾಕಬೇಕೆಂದು ಹೊಸ ಪ್ರಿನ್ಸಿಪಾಲರು ತೀರ್ಮಾನಿಸಿದ್ದರು. ಅಪ್ಪ ಹಟ ಹಿಡಿದು, ನನ್ನ ಕಾರಭಾರಿಯನ್ನು ಹಾಕಿ ನಡೆಸಿ ತೋರಿಸುತ್ತೇನೆ ಅಂದಿದ್ದ. ದೀಪಾವಳಿ ರಜೆ ಮುಗಿದ ಸೋಮವಾರ ತೋರಿಸಬೇಕು, ಇಲ್ಲವಾದರೆ ನಮ್ಮ ಮನೆಯದೂ ಸೇರಿ ಆರೂ ತೂಕಕ್ಕೆ ಹೋಗುತ್ತವೆ. ಒಬ್ಬ ಮೆಕ್ಯಾನಿಕ್ ಅದೆಂಥದು ಬರೆದಾನು ಅಂತ ಅಲ್ಲಿ ನಗುವವರೂ ಇದ್ದರು. ಬರೆದವನಿಗೆ ಎಲ್ಲ ಬಾಯಿಪಾಠ ಇರುತ್ತದೆ ಅಂದುಕೊಳ್ಳಬೇಡಿರಿ, ಮೂರು ವರ್ಷ ತುಂಡು ತುಂಡಾಗಿ ಬರೆದದ್ದು. ಅಪ್ಪ ಮೂರು ಕಾರ್ಡು ಬರೆದ, ನಕಲು ಮಾಡಿಕೊಂಡ ಮೂವರಿಗೆ ಒಂದೊಂದು.

ಆ ಸೋಮವಾರದ ಹಿಂದಿನ ಭಾನುವಾರ ಮೂವರೂ ಬೆಳಗಿನ ಬಸ್ಸುಗಳಿಗೇ ಬಂದಿಳಿದರು. ಇಮಾಮಸಾಬ ಕಾಕಾ ಬಾದಾಮಿಯ ಪೇರಲಹಣ್ಣು ತಂದಿದ್ದ. ಮಲ್ಲೇಶಿ ತಲೆ ತಗ್ಗಿಸಿಕೊಂಡೇ ಒಳಗೆ ಬಂದ. ಮಾಸ್ತರರ ಅಕ್ಷರ ಮುತ್ತಿನ ಹಾಗೆ, ಕಾಕಾನದು ಕೋಳಿ ಕೆದರಿದ ಹಾಗೆ. ಪಡಸಾಲೆಯಲ್ಲಿ ಚಾಪೆ ಹಾಸಿ ಮೂರು ವಹಿಗಳನ್ನು ಪಕ್ಕಪಕ್ಕ ತೆರೆದಿಟ್ಟು, ಒಂದು ಸಾಲು ಮೂವರೂ ಓದುವುದು, ಒಂದೇ ಆಗಿದ್ದರೆ ಅಪ್ಪ ಹೊಸ ವಹಿಯಲ್ಲಿ ಬರೆಯುವುದು. ಮೊದಲನೆಯ ಪುಟ ಚಿಕ್ಕದು, ಕಡೆಗೆ ಆದೀತು ಅಂತ ಎರಡನೆಯ ಪುಟದಿಂದ ಹಿಡಿದರು. ನಾಲ್ಕನೆಯ ಪುಟಕ್ಕೇ ಸಾಲು ಬೇರೆಯಾಯಿತು.

“ಇದ ನಾ ಬರದಿದ್ದಲ್ಲಲ್ಲೋ ಇಮಾಮಣ್ಣಾ,” ಅಂದ ಅಪ್ಪ.

“ನಂದದು. ಗುಂಡಿ ತಪ್ಪ ಒತ್ತಿದ್ರ ಕುಂಯ್ ಅಂತ ಒದರ್ಲಿ ಅಂತ ಸೇರಿಸೇನಿ. ಬ್ಯಾಡಂದ್ರ ತಗೀರಿ.”

“ತಗೀತೇನಾ? ಇಷ್ಟ ದಿನ ನನಗ್ಯಾಕ ಹೊಳೀಲಿಲ್ಲ ಇದು!”

ಮಾಸ್ತರರು ಕ್ಯಾಸೆಟ್ಟಿನಿಂದ ತರುವ ಭಾಗವನ್ನು ಬಿಚ್ಚಿ ಮತ್ತೆ ಕಟ್ಟಿದ್ದರು, ಅದೀಗ ಮೊದಲಿನ ಅರ್ಧ ಹೊತ್ತಿನಲ್ಲಿ ಮುಗಿಯುತ್ತಿತ್ತು. ಮಲ್ಲೇಶಿ ಸಹ ಅಪ್ಪನದೇ ಒಂದು ತಪ್ಪು ಹಿಡಿದು ತಿದ್ದಿದ್ದ, ಹೇಳಲು ನಾಚಿಕೊಂಡು ಸುಮ್ಮನಿದ್ದ. ಅಪ್ಪ ಬರೆಯುತ್ತ ಬರೆಯುತ್ತ ಮಗುವಿನ ಹಾಗೆ ನಗತೊಡಗಿದ. ಸತ್ತದ್ದು ಬರೀ ಬದುಕಿ ಬರಲಿಲ್ಲ, ಮೊದಲಿಗಿಂತ ಶಾಣ್ಯಾ ಆಗಿ ಬರುತ್ತಿತ್ತು. ಯಾವ ಪುಟ ಯಾರಿಂದ ಬಂತೋ ಅವರ ಹೆಸರನ್ನು ಆ ಪುಟದ ತಲೆಯ ಮೇಲೆ ಬರೆದ. ನಾನು ಮಾತ್ರ ಪೇರಲಹಣ್ಣು ಕೈಯಲ್ಲಿ ಹಿಡಿದು, ಕಚ್ಚದೆ ಕೂತಿದ್ದೆ. ಯಾಕೆಂದರೆ ಕಾಕಾ ಆಗಲೇ ಆ ಚಿಪ್ಪನ್ನು ಕೈಯಲ್ಲಿ ತಿರುವಿ ಒಂದು ಮಾತು ಕೇಳಿದ್ದ.

“ಬಿಸಲಿಗಿ ಏನರ ಬಿದ್ದಿತ್ತೇನ್ರಿ ಇದು? ದಿನಗಟ್ಟಲೆ ಬಿಸಲ ಹೊಕ್ರ ಎಲ್ಲಾ ಅಳಿಸಿ ಹೋಗ್ತೈತಿ ನೋಡ್ರಿ.”

“ಚೀಟಿ ಹಚ್ಚೇ ಐತಲ್ಲೋ, ಬಿಸಲ ಹ್ಯಾಂಗ ಹೊಗ್ತೈತಿ?” ಅಂದು ಅಪ್ಪ ಮಾತು ಬಿಟ್ಟಿದ್ದ.

ಅಯ್ಯೋ ಶಿವನೇ! ಒಂಬತ್ತು ದಿನ ನಾನೇ ಸರಿಸಿ ಸರಿಸಿ ಬಿಸಿಲು ಕುಡಿಸಿದ್ದೆ. ಒಂದು ತಾಸು ತಡೆದೆ, ಎರಡು ತಾಸು ತಡೆದೆ. ಮಲ್ಲೇಶಿ ಮತ್ತೊಮ್ಮೆ, ವಹಿ ನಾನೇ ಕಳೆದೆ, ಎಲ್ಲ ನನ್ನಿಂದಾದದ್ದು ಅಂದಾಗ ತಡೆಯಲಾಗಲಿಲ್ಲ. ಎದ್ದು ನಿಂತು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ: ಚೀಟಿ, ಮಾಳಿಗೆ, ಗಂಜಿ. ಒಲೆಯ ಮುಂದಿದ್ದ ಅವ್ವ ಹಿಟ್ಟಿನ ಕೈ ಎತ್ತಿಕೊಂಡೇ ಬಂದಳು. ನನಗೆ ಬೀಳಬೇಕಾಗಿದ್ದ ಪೆಟ್ಟಿಗೆ ಅಪ್ಪ ಅಡ್ಡ ಬಂದ.

“ಹೊಡೀಬ್ಯಾಡ. ತಪ್ಪ ನಂದ ಐತಿ. ಆ ಚೀಟಿ ಯಾಕ ಹಚ್ಚೇನಂತ ಯಾರಿಗೂ ಹೇಳಲಿಲ್ಲ ನಾ.”

ಅವ್ವ ಕೈ ಇಳಿಸಿದಳು. ಬಂದವರ ಮುಂದೆ ಅಪ್ಪನಿಗೆ ಎದುರು ಮಾತಾಡಿದವಳಲ್ಲ ಆಕೆ. ಅವತ್ತು ಆಡಿದಳು.

“ಊರ ಮಂದಿಗೆಲ್ಲ ಹೇಳಿದ್ರಿ. ಮನ್ಯಾಗ ಇದ್ದವ್ರಿಗಿ ಹೇಳಲಿಲ್ಲ. ನನ್ನ ತವರಮನಿಯಾವ್ರಿಗೂ ನಿಮಗೂ ಏನ ಫರಕ ಆತ್ರಿ?”

ಅಪ್ಪ ಆ ಚಿಪ್ಪನ್ನು ಕೈಗೆತ್ತಿಕೊಂಡು ಚೀಟಿಯ ಮೇಲೆ ಬೆರಳಾಡಿಸಿದ. ಆಯಿಯ ಮಗ್ಗ ನಿಂತಿತ್ತು. ಮಾಸ್ತರರು ಕೆಮ್ಮಿ, ಈಗ ಮೊದಲನೆಯ ಪುಟ ಆಗಲಿ ಅಂದರು. ಅಲ್ಲಿ ನೋಡಿದರೆ ಇನ್ನೊಂದು ಪೇಚು. ಮೊದಲನೆಯ ಪುಟದ ಕೆಲಸ ದೀಪ, ಗುಂಡಿಗಳನ್ನು ಎಬ್ಬಿಸುವುದು. ಕಾಕಾ ಮಾಡಿದ ಯಂತ್ರಗಳ ದೀಪಗಳೇ ಬೇರೆ, ಹಾಗಾಗಿ ಕಾಕಾ, ಮಾಸ್ತರರು ಇಬ್ಬರೂ ತಮ್ಮ ತಮ್ಮ ಯಂತ್ರಕ್ಕೆ ತಕ್ಕ ಪುಟ ಬರೆದುಕೊಂಡು ಅಪ್ಪನದನ್ನು ಬಿಟ್ಟಿದ್ದರು. ಮಲ್ಲೇಶಿಯಂತೂ, ಮೊದಲನೆಯದು ಸರ್‌ಗೆ ಗೊತ್ತೇ ಇರುತ್ತದೆ ಅಂತ ಎರಡರಿಂದ ಶುರು ಮಾಡಿದ್ದ. ಅರವತ್ತನಾಲ್ಕು ಜೋಡಿ ಅಂಕಿಗಳು. ಒಂದು ತಪ್ಪಿದರೂ ಉಳಿದ ಇಡೀ ವಹಿ ಕುರುಡು. ಅಪ್ಪ ಹಣೆ ತಿಕ್ಕಿಕೊಂಡು ಹತ್ತು ಬರೆದ, ಹೊಡೆದ, ಮತ್ತೆ ಬರೆದ. ಹೊಸದಾಗಿ ಕಟ್ಟಬೇಕೆಂದರೆ ನಾಲ್ಕು ದಿನ ಬೇಕು, ಬೆಳಗಾದರೆ ಸೋಮವಾರ. ಸಾವಿರ ಸಲ ಓದಿದವಳು ನಾನು, ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಣ್ಣಿನಿಂದ ಓದಿದವಳು, ಪುಟ ಕಣ್ಣ ಮುಂದಿಲ್ಲದಿದ್ದರೆ ನನಗೆ ಏನೂ ನೆನಪಿಗೆ ಬಾರದು.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಗಿತ್ತು. ಅದರ ಜೊತೆಗೇ ಅವ್ವನ ದನಿ ಬಂತು, ಸಿಟ್ಟು ಇನ್ನೂ ಆರದ ದನಿ.

“ಮೂರ ಇ, ಸೊನ್ನಿ ಸೊನ್ನಿ. ಡಿ ಮೂರ, ಒಂದ ಒಂಬತ್ತ. ಮೂರ ಒಂದ, ಸಿ ಎರಡ, ಎರಡ ಸೊನ್ನಿ…”

ಅಪ್ಪ ಪೆನ್ನು ಹಿಡಿದವನು ಹಾಗೇ ಕೂತ.

“ಬರಕೋರಿ, ನಾ ನಿಂದ್ರಂಗಿಲ್ಲ,” ಅಂದಳು ಅವ್ವ. “ನಿಂತ್ರ ಮರೀತೈತಿ.”

ಅವ್ವ ಬಡಿಯುತ್ತ ಹೋದಳು, ಹೇಳುತ್ತ ಹೋದಳು. ಒಂದು ವರ್ಷ ನಾನು ಮತ್ತೆ ಮತ್ತೆ ಓದಿದ ಆ ಪುಟ ಆಕೆಯ ಕಿವಿಯಲ್ಲಿ ಕೂತಿತ್ತು. ಅಪ್ಪನ ಪೆನ್ನು ಓಡುತ್ತಿತ್ತು, ಮಾಸ್ತರರು ಬೆರಳು ಮಡಚಿ ಎಣಿಸುತ್ತಿದ್ದರು. ಕೊನೆಯ ಜೋಡಿಗೆ ಮಾಸ್ತರರು ತಲೆಯೆತ್ತಿ, ಅರವತ್ನಾಕ ಅಂದರು. ಇಮಾಮಸಾಬ ಕಾಕಾ ಎದ್ದು ಅಡುಗೆಮನೆಯ ಬಾಗಿಲ ತನಕ ಹೋಗಿ, ಒಳಗೆ ಕಾಲಿಡದೆ, ಎದೆಯ ಮೇಲೆ ಕೈಯಿಟ್ಟು, ಶಾಬಾಸ್ ತಂಗೀ ಅಂದ. ಅಪ್ಪ ಆ ಪುಟದ ತಲೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದ: ನೀಲವ್ವ, ಇಳಕಲ್ಲ.

ಮರುದಿನ ನಾನು ಸಾಲಿಗೆ ಹೋಗಲಿಲ್ಲ, ಅವ್ವ ಹೋಗು ಅನ್ನಲೂ ಇಲ್ಲ. ಶನಿವಾರದ ತನಕ ಕಾಯಬೇಕೆಂದು ನಮಗೆ ಗೊತ್ತಿತ್ತು. ಆದರೆ ಅವತ್ತೇ ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ಅದಕ್ಕೂ ಮುಂಚೆ ಸೋಮವಾರ ಅಪ್ಪ ಮನೆಗೆ ಬಂದದ್ದೇ ಇಲ್ಲ, ಅವ್ವ ಒಲೆ ಬಿಟ್ಟು ಎದ್ದು ಬಂದಳು.

“ಹತ್ತಿತು,” ಅಂದ ಅಪ್ಪ. ಆಮೇಲೆ ಇನ್ನೊಮ್ಮೆ, ಅವ್ವನಿಗಷ್ಟೇ ಹೇಳುವವನ ಹಾಗೆ, “ಆರೂ ದೀಪ ಒಮ್ಮಿಗೇ ಹತ್ತಿದೂ ನೀಲಾ. ಒಂದೂ ತಪ್ಪಿಲ್ಲ.”

ಅವ್ವ ಒಳಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡು, ನೀರಿನ ತಂಬಿಗೆ ಹಿಡಿದು ಬಂದಳು. ಐದು ಹಲಗೆಗಳು ಗುಜರಿಗೆ ಹೋಗದೆ ಮತ್ತೆ ಪ್ರಯೋಗಶಾಲೆಯ ಮೇಜು ಹತ್ತಿದವು. ಆಮೇಲಿನ ಭಾನುವಾರಗಳಲ್ಲಿ ಅಪ್ಪ ಎಲ್ಲರಿಗಿಂತ ಮೊದಲು ನಮ್ಮಿಬ್ಬರನ್ನು ಕೂರಿಸಿಕೊಂಡು, ಆ ಒಂದೊಂದು ಜೋಡಿ ಅಂಕಿ ಯಾಕೆ ಅಲ್ಲಿದೆ, ಏನು ಮಾಡುತ್ತದೆ ಅಂತ ಬಿಡಿಸಿ ಹೇಳಿದ. ನನಗಿಂತ ಅವ್ವ ಬೇಗ ಹಿಡಿದಳು. ಬೇಕಾದರೆ ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅಂದುಕೊಳ್ಳಿರಿ, ಖರೆ ಮಾತು ಅದು.

ಕೆಲವು ವರ್ಷಗಳ ಮೇಲೆ ನಾನೂ ಬಾಗಲಕೋಟೆಯಲ್ಲಿ, ಅಪ್ಪನದಲ್ಲದ ಇನ್ನೊಂದು ಕಾಲೇಜಿನಲ್ಲಿ, ಡಿಪ್ಲೊಮಾಕ್ಕೆ ಸೇರಿದೆ. ಮೊದಲ ವಾರ ಪ್ರಯೋಗಶಾಲೆಯಲ್ಲಿ ನಮಗೆಲ್ಲ ಹಾಳೆಗಳ ಒಂದೊಂದು ಕಟ್ಟು ಹಂಚಿದರು. ಕಾರಭಾರಿ! ಎಷ್ಟು ಕೈ ದಾಟಿತ್ತೋ, ಟೈಪಾಗಿ ಅಚ್ಚಾಗಿ ಬಂದಿತ್ತು. ಮೊದಲನೆಯ ಹಾಳೆಯ ತಲೆಯ ಮೇಲೆ ಹೆಸರು ಹಾಗೇ ಇತ್ತು. ಪಕ್ಕದ ಹುಡುಗಿ ಅದರ ಮೇಲೆ ಬೆರಳಿಟ್ಟು ಕೇಳಿದಳು:

“ಈ ನೀಲವ್ವ ಮೇಡಮ್ಮಾರು ಯಾವ ಕಾಲೇಜಿನ್ಯಾಗ ಅದಾರ?”

“ನಮ್ಮವ್ವ,” ಅಂದೆ. ಆಕೆ ನಂಬಲಿಲ್ಲ, ನಾನೂ ನಂಬಿಸಲು ಹೋಗಲಿಲ್ಲ. ಎದೆ ಮಾತ್ರ ಇಷ್ಟಗಲ ಆಗಿತ್ತು. ಶನಿವಾರ ಬಸ್ಸಿಳಿದವಳೇ ಮನೆಗೆ ಓಡಿದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಹಾಳೆ ತೋರಿಸಿದೆ. ತನ್ನ ಹೆಸರಿನ ಅಚ್ಚಿನ ಮೇಲೆ ಒಮ್ಮೆ ಕೈಯಾಡಿಸಿ, ಓದು ಅಂದಳು. ಓದಿದೆ. ಮೊರ ಆಡುತ್ತಲೇ ಇತ್ತು. ಐದನೆಯ ಸಾಲಿಗೆ ಗಕ್ಕನೆ ನಿಂತಿತು.

“ತಡಿ. ಅಲ್ಲೆ ನಂದು ಎಂಟ ಜೋಡಿ ಇದ್ದೂ. ನೀ ಆರ ಓದಿದಿ.”

ನೋಡಿದೆ. ಆರೇ ಇದ್ದವು. ಯಾರೋ ತಿದ್ದಿದ್ದರು. ಆಕೆಯ ಒಂದೇ ಒಂದು ಪುಟ, ಅದನ್ನೂ ಯಾರೋ ಕೈಯಾಡಿಸಿ ಬದಲು ಮಾಡಿದ್ದಾರೆ, ಈಗೇನು ಗತಿ ಅಂತ ನಾನು ಅವ್ವನ ಮುಖ ನೋಡುತ್ತ ಕೂತೆ. ಅವ್ವ ತುಟಿಯಲ್ಲೇ ಆ ಆರನ್ನು ಒಂದು ಸಲ ಅಂದುಕೊಂಡಳು, ಇನ್ನೊಂದು ಸಲ ಅಂದುಕೊಂಡಳು. ಆಮೇಲೆ ಆಕೆಯ ಮುಖದ ತುಂಬ ನಗು ಹರಡಿತು.

“ಎಂಟರ ಕೆಲಸಾ ಆರರಾಗ ಮುಗಿಸ್ಯಾರಲ್ಲ! ಯಾರ ಮಾಡಿದ್ದು?”

“ನಮ್ಮ ಕಾಲೇಜಿನಾಕೀನ ಇರಬೇಕಬೇ, ಒಬ್ಬಾಕಿ ಇದನ್ನ ತಿದ್ದ್ಯಾಳಂತ ಹಾಳಿ ಹಂಚೂಮುಂದ ಸರ್ ಅಂದಿದ್ರು. ಹ್ವಾದ ವರ್ಸ ಕಲತ ಹೋಗ್ಯಾಳ.”

“ಆಕಿ ಹೆಸರೆಲ್ಲೈತಿ ಇದರಾಗ?”

“ಇಲ್ಲ. ನಿಂದೊಂದ ಐತಿ.”

ಅವ್ವ ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟಳು.

“ಸೋಮವಾರ ಹ್ವಾದಕೂಡ್ಲೆ ಮೊದಲ ಆಕಿ ಹೆಸರ ಬರಸು,” ಅಂದಳು. “ನನ್ನ ಹೆಸರಿನ ಮಗ್ಗಲ್ದಾಗ.”